ಬ್ರೇಕ್ ತುಳಿದರೆ ಪಾರ್ಕ್ ಲೈಟ್ ಉರಿಯುತ್ತದೆ: 1978ರ ಅಂಬಾಸಿಡರ್ ಮಾರ್ಕ್ 3ರ ದೀಪಗಳ ದೋಷ

ಅಂಬಾಸಿಡರ್_ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1978ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಈಗ ನನ್ನ ಸುಪರ್ದಿಯಲ್ಲಿದೆ. ಎಂಜಿನ್ ಚೆನ್ನಾಗಿದೆ. ಕಳೆದ ವರ್ಷ ತುಕ್ಕು ಹಿಡಿದ ಕಡೆಯೆಲ್ಲ ತಗಡಿನ ಕೆಲಸ ಮಾಡಿಸಿ ಇಡೀ ಗಾಡಿಗೆ ಹೊಸ ಬಣ್ಣ ಹೊಡೆಸಿದೆವು. ಅಲ್ಲಿಂದ ಈಚೆಗೆ ದೀಪಗಳು ಒಂದೊಂದಾಗಿ ಕೈಕೊಡುತ್ತಿವೆ.

ಎಡಗಡೆಯ ಹೆಡ್‌ಲೈಟ್ ಹಳದಿಯಾಗಿ ಮಂಕಾಗಿ ಉರಿಯುತ್ತದೆ. ಬಲಗಡೆಯದು ಅದಕ್ಕಿಂತ ಮೇಲು, ಆದರೂ ಸಾಲದು. ರಾತ್ರಿ ಲೈಟ್ ಹಾಕಿಕೊಂಡು ಬ್ರೇಕ್ ತುಳಿದರೆ ಹಿಂದಿನ ಎಡ ಟೇಲ್‌ಲೈಟ್ ಪ್ರಕಾಶ ಹೆಚ್ಚಾಗುವ ಬದಲು ಕುಗ್ಗುತ್ತದೆ. ಹಗಲಿನಲ್ಲಿ ಲೈಟ್ ಸ್ವಿಚ್ ಪೂರ್ತಿ ಆಫ್ ಇರುವಾಗ ಬ್ರೇಕ್ ತುಳಿದರೆ ಮುಂದಿನ ಪಾರ್ಕ್ ಲೈಟುಗಳಲ್ಲಿ ಕೆಂಡದಂತೆ ಸಣ್ಣ ಬೆಳಕು ಕಾಣಿಸುತ್ತದೆ. ಇದನ್ನು ಮೊದಲು ನೋಡಿದ್ದು ನನ್ನ ಮಗ, ನಾನು ನಂಬಿರಲಿಲ್ಲ. ಎಡಗಡೆಯ ಇಂಡಿಕೇಟರ್ ಒಮ್ಮೆ ಸರಿಯಾಗಿ ಮಿನುಗುತ್ತದೆ, ಒಮ್ಮೆ ಹಾಗೆಯೇ ನಿಂತುಬಿಡುತ್ತದೆ.

ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಎರಡು ಸಲ ಬಲ್ಬುಗಳನ್ನೂ ಒಂದು ಸಲ ಇಂಡಿಕೇಟರನ್ನು ಮಿನುಗಿಸುವ ಫ್ಲಾಶರನ್ನೂ ಬದಲಾಯಿಸಿದರು; ಈಗ ಪೂರ್ತಿ ವೈರಿಂಗ್ ಸೆಟ್ ಹೊಸದು ಹಾಕಬೇಕೆನ್ನುತ್ತಿದ್ದಾರೆ. ಮೂಲ ವೈರಿಂಗ್ ತೆಗೆಸಲು ನನಗೆ ಮನಸ್ಸಿಲ್ಲ. ಶಿರಾಡಿ ಘಾಟಿಯಲ್ಲಿ ರಾತ್ರಿ ಇಳಿಯುವ ಪ್ರಸಂಗ ಆಗಾಗ ಬರುವುದರಿಂದ ದೀಪದ ವಿಷಯವನ್ನು ಮುಂದೂಡುವಂತೆಯೂ ಇಲ್ಲ. ದಾರಿ ತೋರಿಸಬೇಕಾಗಿ ವಿನಂತಿ.

ತಂತಿಯ_ಜಾಡು (ದಾವಣಗೆರೆ)

ಮೇಡಂ, ವೈರಿಂಗ್ ಸೆಟ್ ಬದಲಾಯಿಸುವುದನ್ನು ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ. ನಾನು 34 ವರ್ಷ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡಿದವನು. ನೀವು ಬರೆದ ಲಕ್ಷಣಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಅದು ಅರ್ಥ್, ಅಂದರೆ ಕರೆಂಟು ಗಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ. ಬಣ್ಣ ಹೊಡೆಸಿದ ಮೇಲೆ ಶುರುವಾಯಿತು ಎಂದು ನೀವೇ ಬರೆದಿದ್ದೀರಿ. ನನಗೆ ಆ ಮಾತೇ ದೊಡ್ಡ ಸುಳಿವು.

ಈ ಗಾಡಿಗಳಲ್ಲಿ ಬಲ್ಬಿಗೆ ಬರುವ ತಂತಿ ಒಂದೇ. ಬಲ್ಬಿನಿಂದ ಬ್ಯಾಟರಿಗೆ ಮರಳುವ ದಾರಿ ಗಾಡಿಯ ತಗಡು. ಲ್ಯಾಂಪಿನ ಹೋಲ್ಡರ್ ತಗಡಿಗೆ ಸ್ಕ್ರೂ ಮೂಲಕ ಕೂತಿರುತ್ತದೆ. ಆ ಸ್ಕ್ರೂ ಮತ್ತು ತಗಡಿನ ನಡುವೆ ಲೋಹಕ್ಕೆ ಲೋಹ ತಾಗಿದರೆ ಮಾತ್ರ ದಾರಿ ತೆರೆದಿರುತ್ತದೆ. ಪೇಂಟ್ ಕೆಲಸದವರು ಲ್ಯಾಂಪುಗಳನ್ನು ಬಿಚ್ಚಿ, ಪ್ರೈಮರ್, ಪುಟ್ಟಿ, ಬಣ್ಣ ಎಲ್ಲವನ್ನೂ ಒಳಗೂ ಹೊರಗೂ ಹೊಡೆದು, ಆ ಬಣ್ಣದ ಮೇಲೆಯೇ ಲ್ಯಾಂಪ್ ಕೂರಿಸುತ್ತಾರೆ. ಅವರ ಕೆಲಸ ನೋಡಲು ಅಚ್ಚುಕಟ್ಟು, ಆದರೆ ಕರೆಂಟಿಗೆ ಅದು ಗೋಡೆ.

ಈಗ ನಿಮ್ಮ ಮಗ ಕಂಡ ಬೆಳಕಿನ ವಿಷಯ. ಆತ ಸರಿಯಾಗಿಯೇ ನೋಡಿದ್ದಾನೆ. ಹಿಂದಿನ ಟೇಲ್‌ಲೈಟಿನ ಬಲ್ಬಿನಲ್ಲಿ ಎರಡು ಫಿಲಮೆಂಟ್‌ಗಳಿವೆ, ಒಂದು 21 ವ್ಯಾಟಿನ ಬ್ರೇಕ್, ಇನ್ನೊಂದು 5 ವ್ಯಾಟಿನ ಟೇಲ್. ಎರಡಕ್ಕೂ ಮರಳುವ ದಾರಿ ಒಂದೇ, ಬಲ್ಬಿನ ಹಿತ್ತಾಳೆಯ ಕವಚ. ಅರ್ಥ್ ಕೆಟ್ಟಿರುವಾಗ ನೀವು ಬ್ರೇಕ್ ತುಳಿದರೆ ಕರೆಂಟು 21 ವ್ಯಾಟಿನ ಫಿಲಮೆಂಟ್ ದಾಟಿ ಕವಚಕ್ಕೆ ಬಂದು ನಿಲ್ಲುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ಆಗ ಅದು ಟೇಲ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ಹೊಕ್ಕು, ಟೇಲ್‌ಲೈಟಿನ ಕೆಂಪು ತಂತಿಯಲ್ಲಿ ಮುಂದಕ್ಕೆ ಹರಿದು, ಅದೇ ತಂತಿಗೆ ಸೇರಿದ ಪಾರ್ಕ್ ಲೈಟುಗಳ ಮೂಲಕ ಮುಂಭಾಗದ ಒಳ್ಳೆಯ ಅರ್ಥಿಗೆ ಇಳಿಯುತ್ತದೆ. ಹೀಗೆ ಬಳಸಿಕೊಂಡು ಬಂದ ಕರೆಂಟಿನ ಬೆಳಕನ್ನೇ ಅವನು ನೋಡಿದ್ದು.

ರಾತ್ರಿ ಲೈಟ್ ಹಾಕಿ ಎಡ ಇಂಡಿಕೇಟರ್ ಸ್ವಿಚ್ ಮುಟ್ಟದೆ ಬ್ರೇಕ್ ತುಳಿದು, ಒಬ್ಬರನ್ನು ಮುಂದೆ ನಿಲ್ಲಿಸಿ ನೋಡಿ. ಹಿಂದಿನ ಇಂಡಿಕೇಟರಿನ ಹೋಲ್ಡರೂ ಅದೇ ತಗಡಿನ ಮೇಲಿದ್ದರೆ, ಮುಂದಿನ ಎಡ ಇಂಡಿಕೇಟರ್ ಸಣ್ಣಗೆ ಕಾಣಿಸಬಹುದು. ಕಾಣಿಸಿದರೆ ಹಿಂದಿನ ಎಡ ಲ್ಯಾಂಪಿನ ಅರ್ಥ್ ಕೆಟ್ಟಿದೆ ಎನ್ನುವುದರಲ್ಲಿ ಅನುಮಾನವೇ ಬೇಡ.

ಪದ್ಮಿನಿ_ಮಂಗಳೂರು

ತಂತಿಯ_ಜಾಡು ಸರ್ ಹೇಳಿದ್ದು ಅಕ್ಷರಶಃ ನಿಜ. ಕರಾವಳಿಯ ಉಪ್ಪುಗಾಳಿಯಲ್ಲಿ ಬಣ್ಣ ಹೊಡೆಸದಿದ್ದರೂ ಇದೇ ಪಾಡು. ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಹೋಲ್ಡರಿನ ಒಳಗೆ ಹಸಿರು ಕಿಲುಬು ಕಟ್ಟಿ, ಬಲ್ಬಿನ ತಳದ ಸೀಸದ ಬೊಟ್ಟುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಫಿಯೆಟ್ ಪದ್ಧತಿಯ ಗಾಡಿಗಳಲ್ಲಿ ಇನ್ನೊಂದು ಜಾಗವನ್ನೂ ನೋಡಬೇಕು. ಎರಡೂ ತುದಿ ಚೂಪಾಗಿರುವ ಫ್ಯೂಸುಗಳನ್ನು ಹಿತ್ತಾಳೆಯ ಪಟ್ಟಿಗಳು ಹಿಡಿದುಕೊಂಡಿರುತ್ತವೆ. ಪಟ್ಟಿ ಸಡಿಲವಾದರೆ ಫ್ಯೂಸ್ ಸುಟ್ಟಿರುವುದಿಲ್ಲ, ಆದರೆ ದೀಪ ಮಂಕಾಗುತ್ತದೆ. ಬೆರಳಿನಿಂದ ಫ್ಯೂಸನ್ನು ಹಾಗೆಯೇ ಹೊರಳಿಸಿದರೆ ದೀಪ ಪ್ರಕಾಶವಾಗುವುದನ್ನು ನೋಡಬಹುದು.

ಅಂಬಾಸಿಡರ್_ಸಕಲೇಶಪುರ

ಸರ್, ನಿನ್ನೆ ರಾತ್ರಿ ನೀವು ಹೇಳಿದಂತೆಯೇ ಮಗನನ್ನು ಮುಂದೆ ನಿಲ್ಲಿಸಿ ಬ್ರೇಕ್ ತುಳಿದೆ. ಮುಂದಿನ ಎಡ ಇಂಡಿಕೇಟರ್ ಮಂದವಾಗಿ ಉರಿಯಿತು. ಇಂದು ಬೆಳಿಗ್ಗೆ ಹಿಂದಿನ ಎಡ ಲ್ಯಾಂಪ್ ಬಿಚ್ಚಿದಾಗ ಹೋಲ್ಡರ್ ಕೂರುವ ಜಾಗದಲ್ಲಿ ಮೂರು ಪದರ ಬಣ್ಣ ಕಂಡಿತು: ಬೂದು ಪ್ರೈಮರ್, ಅದರ ಮೇಲೆ ಬಿಳಿ, ಅದರ ಮೇಲೆ ಮಿರುಗುವ ವಾರ್ನಿಶ್. ಸ್ಕ್ರೂವಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಮಾತ್ರ ಲೋಹ ಹೊಳೆಯುತ್ತಿತ್ತು. ಎಮರಿ ಕಾಗದದಿಂದ ಉಜ್ಜಿ, ಸ್ಟಾರ್ ವಾಷರ್ ಹಾಕಿ, ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಕೂರಿಸಿದೆ. ಬ್ರೇಕ್, ಟೇಲ್, ಇಂಡಿಕೇಟರ್ ಮೂರೂ ಸರಿಯಾದವು. ಒಂದು ವರ್ಷದ ತಲೆನೋವು ಅರ್ಧ ಗಂಟೆಯಲ್ಲಿ ಹೋಯಿತು. ಹೃತ್ಪೂರ್ವಕ ಧನ್ಯವಾದಗಳು.

ಹೆಡ್‌ಲೈಟ್ ಮಾತ್ರ ಹಾಗೆಯೇ ಇದೆ. ಎಡ ಹೆಡ್‌ಲೈಟಿನ ಅರ್ಥ್ ತಂತಿಯನ್ನು ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ನೋಡಿದೆ. ಸೊನ್ನೆಯ ಹತ್ತಿರವೇ ತೋರಿಸಿತು. ಹಾಗಾದರೆ ಅರ್ಥ್ ಚೆನ್ನಾಗಿದೆ ಎಂದಲ್ಲವೇ?

ತಂತಿಯ_ಜಾಡು (ದಾವಣಗೆರೆ)

ಇಲ್ಲ ಮೇಡಂ, ಮತ್ತು ಅನೇಕರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಂತಿಯೊಳಗೆ 14 ಎಳೆಗಳಿದ್ದು 13 ಕಡಿದುಹೋಗಿ ಒಂದೇ ಎಳೆ ಉಳಿದಿದೆ ಎಂದುಕೊಳ್ಳಿ. ಓಮ್ ಅಳತೆಯಲ್ಲಿ ಮೀಟರ್ ಕಳಿಸುವ ಕರೆಂಟು ಅತ್ಯಲ್ಪ; ಅಷ್ಟನ್ನು ಒಂದು ಎಳೆಯೇ ಸಲೀಸಾಗಿ ಸಾಗಿಸುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಹೆಡ್‌ಲೈಟ್ ಉರಿಯಲು ಬೇಕಾದದ್ದು ಬಲ್ಬೊಂದಕ್ಕೆ ಸುಮಾರು 5 ಆಂಪಿಯರ್. ಅಷ್ಟು ಹರಿಯಲು ಹೋದಾಗ ಮಾತ್ರ ಆ ಎಳೆಯ ಬಡತನ ಗೊತ್ತಾಗುತ್ತದೆ. ಖಾಲಿ ಎತ್ತಿನಗಾಡಿ ದಾಟಿತೆಂದ ಮಾತ್ರಕ್ಕೆ ಸೇತುವೆ ಲಾರಿಯನ್ನು ಹೊರುತ್ತದೆ ಎನ್ನಲಾಗದು. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು, ಅಳೆಯುವುದೂ ಓಮ್ ಅಲ್ಲ, ವೋಲ್ಟ್.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಹೈ ಬೀಮ್ ಹಾಕಿ. ಮೊದಲು ಬ್ಯಾಟರಿಯ ಎರಡು ಸೀಸದ ಗೂಟಗಳ ಮೇಲೆಯೇ, ಕ್ಲಾಂಪಿನ ಮೇಲಲ್ಲ, ಅಳತೆ ಬರೆದುಕೊಳ್ಳಿ. ಅನಂತರ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟಕ್ಕೂ ಇನ್ನೊಂದನ್ನು ಬಲ್ಬಿನ ಅರ್ಥ್ ತುದಿಗೂ ಇಡಿ. ಆ ದಾರಿಯಲ್ಲಿ ನಷ್ಟವೇ ಇಲ್ಲದಿದ್ದರೆ ಸೊನ್ನೆ ಬರಬೇಕು, 0.2 ವೋಲ್ಟಿನವರೆಗೆ ನಾನು ಒಪ್ಪುತ್ತೇನೆ, ಅದಕ್ಕಿಂತ ಮೇಲಿದ್ದರೆ ಬಿಚ್ಚಿ ನೋಡುತ್ತೇನೆ. ಹಾಗೆಯೇ ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿನ ಹೈ ಬೀಮ್ ತುದಿಗೆ ಇಟ್ಟು ಬರುವ ದಾರಿಯ ನಷ್ಟ ಅಳೆಯಿರಿ. ಅದು ಅರ್ಧ ವೋಲ್ಟ್ ಮೀರಿದರೆ ಹಂತ ಹಂತವಾಗಿ ಜಾಡು ಹಿಡಿಯಿರಿ: ಬ್ಯಾಟರಿಯಿಂದ ಲೈಟ್ ಸ್ವಿಚ್ಚಿನವರೆಗೆ, ಸ್ವಿಚ್ಚಿನ ಎರಡು ತುದಿಗಳ ನಡುವೆ, ಹೈ ಬೀಮನ್ನು ತಗ್ಗಿನ ಬೀಮಿಗೆ (ಡಿಪ್) ಬದಲಿಸುವ ಕಾಲಿನ ಡಿಮ್ಮರ್ ಸ್ವಿಚ್ಚಿನ ಎರಡು ತುದಿಗಳ ನಡುವೆ, ಅಲ್ಲಿಂದ ರೇಡಿಯೇಟರ್ ಪಕ್ಕದಲ್ಲಿ ತಂತಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರುಗಳವರೆಗೆ.

ತಂತಿಯ ಬಣ್ಣಗಳು ನಿಮಗೆ ನೆರವಾಗುತ್ತವೆ. ಅಂಬಾಸಿಡರ್ ಹುಟ್ಟಿದ್ದು ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಬ್ರಿಟಿಷ್ ಕಾರಿನಿಂದ, ವೈರಿಂಗೂ ಅಲ್ಲಿನ ಲುಕಾಸ್ ಕಂಪನಿಯ ಪದ್ಧತಿಯದು. ಕಂದು ಬ್ಯಾಟರಿಯಿಂದ ನೇರ ಬಂದದ್ದು. ಬಿಳಿ ಇಗ್ನಿಷನ್ ಕೀಲಿ ತಿರುಗಿಸಿದ ಮೇಲೆ ಜೀವ ಬರುವುದು. ಹಸಿರು ಅದೇ, ಆದರೆ ಫ್ಯೂಸ್ ದಾಟಿ ಬಂದದ್ದು. ಕೆಂಪು ಪಾರ್ಕ್ ಮತ್ತು ಟೇಲ್. ನೀಲಿ ಹೆಡ್‌ಲೈಟ್ ಸ್ವಿಚ್ಚಿನಿಂದ ಡಿಮ್ಮರಿಗೆ. ನೀಲಿಯ ಮೇಲೆ ಬಿಳಿ ಗೆರೆ ಹೈ ಬೀಮ್, ಕೆಂಪು ಗೆರೆ ಡಿಪ್. ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ, ನೇರಳೆ ಗೆರೆ ಬ್ರೇಕ್ ಲೈಟ್. ಕಪ್ಪು ಅರ್ಥ್. ಹಳೆಯ ತಂತಿಯ ಬಣ್ಣ ಮಾಸಿದ್ದರೆ ಕನೆಕ್ಟರಿನ ರಬ್ಬರ್ ತೋಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿ. ಬಿಸಿಲು, ಎಣ್ಣೆ ತಾಗದ ಆ ಒಂದು ಅಂಗುಲದಲ್ಲಿ ಬಣ್ಣ ಹೊಸದರಂತೆ ಉಳಿದಿರುತ್ತದೆ. ನಡುವೆ ಯಾರಾದರೂ ಕೈಗೆ ಸಿಕ್ಕಿದ ಬಣ್ಣದ ತಂತಿ ಸೇರಿಸಿದ್ದರೆ ಬಣ್ಣವನ್ನು ನಂಬದೆ ಮೀಟರನ್ನು ನಂಬಿ.

ಮೈನರ್_ಬರ್ಮಿಂಗ್‌ಹ್ಯಾಮ್

ನಾನು ಮೂಲತಃ ತುಮಕೂರಿನವನು. ಇಲ್ಲಿ 1960ರ ಮೋರಿಸ್ ಮೈನರ್ ಇಟ್ಟುಕೊಂಡಿದ್ದೇನೆ. ಲುಕಾಸ್ ಕಂಪನಿಯ ಮೂಲ ಊರು ಇದೇ ಆದ್ದರಿಂದ ಮೇಲಿನ ಬಣ್ಣಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ ಬಹಳ ಸಂತೋಷವಾಯಿತು. ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸಿತು. ನನ್ನ ಗಾಡಿ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದೆ. ಆ ಕಾಲದ ಬ್ರಿಟಿಷ್ ಗಾಡಿಗಳು ಸಾಮಾನ್ಯವಾಗಿ ಹಾಗೆಯೇ ಇದ್ದವು. ಮಾಮೂಲಿ ಫಿಲಮೆಂಟ್ ಬಲ್ಬಿಗೆ ದಿಕ್ಕಿನ ಹಂಗಿಲ್ಲ, ಎತ್ತ ಕೊಟ್ಟರೂ ಉರಿಯುತ್ತದೆ. ಎಲ್‌ಇಡಿ ಬಲ್ಬಿಗೆ ದಿಕ್ಕು ಮುಖ್ಯ. ಆದ್ದರಿಂದ ಈ ವಿಧಾನವನ್ನು ಓದಿ ತಮ್ಮ ಗಾಡಿಗೆ ಕೈ ಹಾಕುವವರು ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಮೊದಲು ಕಣ್ಣಾರೆ ನೋಡಬೇಕು.

ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಹಳೆಯ ಫ್ಲಾಶರ್ ಮಿನುಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಪುಟ್ಟ ಡಬ್ಬಿಯೊಳಗೆ ಕರೆಂಟಿನಿಂದ ಕಾಯುವ ತಂತಿಯಿದೆ. ಮುಂದಿನ 21 ವ್ಯಾಟ್, ಹಿಂದಿನ 21 ವ್ಯಾಟ್ ಸೇರಿದ ಭಾರಕ್ಕೆ ಅದನ್ನು ಹದ ಮಾಡಿರುತ್ತಾರೆ. ಭಾರ ಕಡಿಮೆಯಾದರೆ ಅದರ ಲಯ ಕೆಡುತ್ತದೆ. ಮೇಡಂ ಅವರ ಇಂಡಿಕೇಟರ್ ಆಗಾಗ ನಿಲ್ಲುತ್ತಿದ್ದುದಕ್ಕೂ ಇದೇ ಕಾರಣ: ಹಿಂದಿನ ಬಲ್ಬಿಗೆ ಅರ್ಥ್ ಸಿಗದೆ ಅರ್ಧ ಭಾರವೇ ಮಾಯವಾಗುತ್ತಿತ್ತು. ಫ್ಲಾಶರ್ ಬದಲಾಯಿಸುವ ಅಗತ್ಯವೇ ಇರಲಿಲ್ಲ.

ಅಂಬಾಸಿಡರ್_ಸಕಲೇಶಪುರ

ನನ್ನ ಗಾಡಿ ನೆಗೆಟಿವ್ ಅರ್ಥ್, ಡೈನಮೋ ಇರುವುದು, ಬಲ್ಬುಗಳು 60/55 ವ್ಯಾಟಿನ ಹ್ಯಾಲೊಜೆನ್. ಎಂಜಿನ್ ನಿಲ್ಲಿಸಿ, ಹೈ ಬೀಮ್ ಹಾಕಿ, ತಂತಿಯ_ಜಾಡು ಸರ್ ಹೇಳಿದ ಕ್ರಮದಲ್ಲಿಯೇ ಅಳೆದೆ. ಬ್ಯಾಟರಿಯ ಗೂಟಗಳ ನಡುವೆ 12.2 ವೋಲ್ಟ್. ಅರ್ಥ್ ಕಡೆಯ ನಷ್ಟ ಎಡಕ್ಕೆ 1.3, ಬಲಕ್ಕೆ 0.15. ಬರುವ ದಾರಿಯ ನಷ್ಟ ಎರಡಕ್ಕೂ 1.5. ಆ 1.5 ಎಲ್ಲಿ ಹೋಗುತ್ತಿದೆ ಎಂದು ಹುಡುಕಿದಾಗ ಲೈಟ್ ಸ್ವಿಚ್ಚಿನವರೆಗೆ 0.3, ಸ್ವಿಚ್ಚಿನಲ್ಲಿ 0.25, ಡಿಮ್ಮರಿನಲ್ಲಿ 0.7, ಅಲ್ಲಿಂದ ಮುಂದಕ್ಕೆ 0.25 ಎಂದು ಬಂದಿತು.

ಕಾಲಿನ ಡಿಮ್ಮರನ್ನು ಕೈಯಿಂದ ಮುಟ್ಟಿದೆ. ಹತ್ತು ನಿಮಿಷ ಲೈಟ್ ಉರಿದಿದ್ದರಿಂದ ಅದು ಆಗತಾನೆ ಕಾಫಿ ಸುರಿದ ಲೋಟದಷ್ಟು ಬಿಸಿಯಾಗಿತ್ತು.

ತಂತಿಯ_ಜಾಡು (ದಾವಣಗೆರೆ)

ಬಹಳ ಚೆನ್ನಾಗಿ ಅಳೆದಿದ್ದೀರಿ. ನಾಲ್ಕೂ ಸೇರಿಸಿದರೆ 1.5 ಸರಿಯಾಗಿ ಕೂಡುತ್ತದೆ. ಹಾಗೆ ಕೂಡಿದಾಗ ಯಾವ ಹಂತವನ್ನೂ ಬಿಟ್ಟಿಲ್ಲವೆಂದು ಅರ್ಥ. ಎರಡು ಬಲ್ಬುಗಳ ಕರೆಂಟು, ಅಂದಾಜು 9 ಆಂಪಿಯರ್, ಡಿಮ್ಮರಿನ 0.7 ವೋಲ್ಟ್ ನಷ್ಟದ ಮೂಲಕ ಹರಿದರೆ ಸುಮಾರು 6 ವ್ಯಾಟ್ ಶಾಖ ಆ ಸಣ್ಣ ಸ್ವಿಚ್ಚಿನಲ್ಲಿಯೇ ಹುಟ್ಟುತ್ತದೆ. ಬಿಸಿಯಾಗದೆ ಇನ್ನೇನಾದೀತು? ನೆಲದ ಮೇಲಿರುವುದರಿಂದ ಮಳೆಗಾಲದ ಒದ್ದೆ ಚಪ್ಪಲಿಯ ನೀರೂ ಕೆಸರೂ ನೇರವಾಗಿ ಅದರೊಳಗೇ ಇಳಿಯುತ್ತವೆ. ಮಲೆನಾಡಿನ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು.

ಈಗ ಎಡ ಬಲ್ಬಿಗೆ ಸಿಗುತ್ತಿರುವುದು 9.4 ವೋಲ್ಟ್, ಬಲಕ್ಕೆ 10.55. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗೆ ಸಮನಾಗಿ ಇಳಿಯುವುದಿಲ್ಲ. ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಕುಸಿಯುತ್ತದೆ. ಹತ್ತರಲ್ಲಿ ಒಂದು ಭಾಗ ವೋಲ್ಟ್ ಹೋದರೆ ಬೆಳಕಿನಲ್ಲಿ ಹತ್ತರಲ್ಲಿ ಮೂರು ಭಾಗ ಹೋಗುತ್ತದೆ. ಆ ಲೆಕ್ಕದಲ್ಲಿ 12.2 ವೋಲ್ಟ್ ಪೂರ್ತಿ ಸಿಕ್ಕಿದ್ದರೆ ಬರಬೇಕಾದ ಬೆಳಕಿನಲ್ಲಿ ನಿಮ್ಮ ಎಡ ದೀಪ ನೂರಕ್ಕೆ 41ರಷ್ಟು, ಬಲ ದೀಪ 61ರಷ್ಟು ಕೊಡುತ್ತಿವೆ. ಘಾಟಿಯಲ್ಲಿ ನಿಮಗೆ ರಸ್ತೆಯ ಎಡ ಅಂಚು ಸರಿಯಾಗಿ ಕಾಣದಿದ್ದರೆ ಅದು ಇದರಿಂದಲೇ ಇರಬೇಕು. 100/90 ವ್ಯಾಟಿನ ಬಲ್ಬ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಆಗ ಕರೆಂಟು 16 ಆಂಪಿಯರ್ ದಾಟುತ್ತದೆ, ನಷ್ಟ ಇನ್ನೂ ಹೆಚ್ಚುತ್ತದೆ, ಡಿಮ್ಮರ್ ಕರಗುತ್ತದೆ.

ಎಡ ಹೆಡ್‌ಲೈಟಿನ ಅರ್ಥನ್ನು ಹಿಂದಿನ ಲ್ಯಾಂಪಿನಂತೆಯೇ ಉಜ್ಜಿ ಸರಿಪಡಿಸಿ. ಡಿಮ್ಮರ್ ಹೊಸದು ಹಾಕಿ.

ಪದ್ಮಿನಿ_ಮಂಗಳೂರು

ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಕಾಲಿನ ಡಿಮ್ಮರನ್ನು ವಿಚಾರಿಸಬಹುದು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬೋಲ್ಟಿನ ತೂತುಗಳ ಅಂತರ ಹೊಂದಬೇಕು.

ನನ್ನ ಅಭಿಪ್ರಾಯದಲ್ಲಿ ಇದರ ಜೊತೆಗೆ ಡಿಪ್‌ಗೊಂದು, ಹೈ ಬೀಮಿಗೊಂದು ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್) ಹಾಕಲೇಬೇಕು. ಆಗ ಹಳೆಯ ಸ್ವಿಚ್ಚುಗಳ ಮೂಲಕ ರಿಲೇ ಎಳೆಯುವಷ್ಟು ಅಲ್ಪ ಕರೆಂಟು ಮಾತ್ರ ಹರಿಯುತ್ತದೆ.

ಮೈನರ್_ಬರ್ಮಿಂಗ್‌ಹ್ಯಾಮ್

ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಮೂಲ ವೈರಿಂಗನ್ನು ಉಳಿಸಿಕೊಳ್ಳಬೇಕೆಂದು ಮೇಡಂ ಮೊದಲೇ ಹೇಳಿದ್ದಾರೆ. ಸ್ವಿಚ್ಚುಗಳು ಮತ್ತು ಕನೆಕ್ಟರುಗಳು ಚೊಕ್ಕಟವಾಗಿದ್ದರೆ ಮೂಲ ವಿನ್ಯಾಸ ತನ್ನ ಕಾಲದ ಬಲ್ಬಿಗೆ ಸಾಕಾಗುವಂತೆಯೇ ಇದೆ. ದೋಷವನ್ನು ಸರಿಪಡಿಸದೆ ರಿಲೇ ಹಾಕುವುದು ಅದನ್ನು ಮುಚ್ಚಿಟ್ಟಂತೆ.

ತಂತಿಯ_ಜಾಡು (ದಾವಣಗೆರೆ)

ಇಬ್ಬರ ಮಾತೂ ಯೋಚಿಸತಕ್ಕದ್ದು. ದೋಷ ಸರಿಪಡಿಸುವ ಮೊದಲು ರಿಲೇ ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ 60/55 ವ್ಯಾಟಿನ ಬಲ್ಬ್ ಹಾಕಿ ಘಾಟಿಯಲ್ಲಿ ಓಡಿಸುವ ಗಾಡಿಗೆ ರಿಲೇ ಬೇಕೆಂದೇ ನನ್ನ ನಿಲುವು. ಇನ್ನೊಂದು ಕಾರಣವೂ ಇದೆ. ಎರಡೇ ಫ್ಯೂಸ್ ಇರುವ ಆ ಲುಕಾಸ್ ಪೆಟ್ಟಿಗೆಯಲ್ಲಿ ಎ1–ಎ2 ತುದಿಗಳ ಫ್ಯೂಸ್ ಹಾರ್ನಿಗೆ, ಎ3–ಎ4 ಇಗ್ನಿಷನ್ ಮೇಲೆ ನಡೆಯುವ ವೈಪರ್, ಬ್ರೇಕ್ ಲೈಟ್ ಮುಂತಾದವಕ್ಕೆ. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ, ಪಾರ್ಕ್ ಮತ್ತು ಟೇಲ್ ದೀಪಗಳ ಕೆಂಪು ತಂತಿಗೂ ಇಲ್ಲ. ನೀಲಿ ತಂತಿ ಎಲ್ಲಾದರೂ ಸವೆದು ತಗಡಿಗೆ ತಾಗಿದರೆ ಸುಡುವುದು ತಂತಿಯೇ. ರಿಲೇ ಹಾಕುವಾಗ ಬ್ಯಾಟರಿಯಿಂದ ಬರುವ ಹೊಸ ತಂತಿಗೆ ಫ್ಯೂಸ್ ಸೇರುತ್ತದೆ. ಮೂಲ ತಂತಿಯೊಂದನ್ನೂ ಕತ್ತರಿಸಬೇಕಾಗಿಲ್ಲ; ಬುಲೆಟ್ ಕನೆಕ್ಟರಿನ ಬಳಿ ನಡುವೆ ಸೇರಿಸಿ, ಬೇಡವೆನಿಸಿದ ದಿನ ಬಿಚ್ಚಿಡಬಹುದು.

ಅಂಬಾಸಿಡರ್_ಸಕಲೇಶಪುರ

ಎಡ ಅರ್ಥ್ ಮತ್ತು ಡಿಮ್ಮರ್ ಮುಗಿದವು. ಈಗ ಅರ್ಥ್ ನಷ್ಟ ಎರಡೂ ಕಡೆ 0.1ರ ಆಸುಪಾಸು, ಬರುವ ದಾರಿಯಲ್ಲಿ 0.8. ಬೆಳಕಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿದೆ.

ನಡುವೆ ಹೊಸದೊಂದು ತೊಂದರೆ. ಡಿಕ್ಕಿಯಲ್ಲಿ ಕಾಫಿ ಮೂಟೆ ಹಾಕಿಕೊಂಡು ಹೋದಾಗ ಎ3–ಎ4 ಫ್ಯೂಸ್ ಸುಟ್ಟಿತು. ಬದಲಾಯಿಸಿದೆ, ಮತ್ತೆ ಸುಟ್ಟಿತು. ಖಾಲಿ ಗಾಡಿಯಲ್ಲಿ ಏನೂ ಆಗುವುದಿಲ್ಲ.

ತಂತಿಯ_ಜಾಡು (ದಾವಣಗೆರೆ)

ಫ್ಯೂಸುಗಳನ್ನು ಸುಡುತ್ತಾ ಹುಡುಕಬೇಡಿ. ಫ್ಯೂಸ್ ತೆಗೆದು ಅದರ ಎರಡು ತುದಿಗಳಿಗೆ 21 ವ್ಯಾಟಿನ ಬಲ್ಬೊಂದನ್ನು ಹೋಲ್ಡರ್ ಸಮೇತ ತಂತಿ ಕಟ್ಟಿ ಸೇರಿಸಿ. ಕೀಲಿ ತಿರುಗಿಸಿ. ಡ್ಯಾಶ್‌ಬೋರ್ಡಿನ ಮೀಟರುಗಳು ಎಳೆಯುವ ಕರೆಂಟಿಗೆ ಅದು ಮಂದವಾಗಿ ಉರಿಯಬಹುದು, ಅದು ಸಹಜ. ತಂತಿ ತಗಡಿಗೆ ತಾಗಿದ ಕ್ಷಣ ಬಲ್ಬ್ ಪೂರ್ತಿ ಪ್ರಕಾಶವಾಗುತ್ತದೆ, ಮತ್ತು ಬಲ್ಬೇ ಕರೆಂಟನ್ನು 2 ಆಂಪಿಯರಿನೊಳಗೆ ಹಿಡಿದಿಡುವುದರಿಂದ ಏನೂ ಸುಡುವುದಿಲ್ಲ. ಒಬ್ಬರು ಬ್ರೇಕ್ ತುಳಿದು ಕೂರಲಿ. ಬ್ರೇಕ್ ಬಲ್ಬುಗಳನ್ನು ಮಾತ್ರ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಅವುಗಳ ಕರೆಂಟಿಗೇ ಬಲ್ಬ್ ಬೆಳಗಿ ದಾರಿ ತಪ್ಪಿಸುತ್ತದೆ. ಅನಂತರ ಡಿಕ್ಕಿಯೊಳಗೆ ತಂತಿಯ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಬನ್ನಿ.

ಅಂಬಾಸಿಡರ್_ಸಕಲೇಶಪುರ

ಸಿಕ್ಕಿತು. ಹಿಂದಿನ ಸೀಟಿನ ಹಿಂಬದಿಯ ತಗಡಿನ ತೂತಿನಲ್ಲಿ ತಂತಿಕಟ್ಟು ಡಿಕ್ಕಿಗೆ ದಾಟುವ ಕಡೆ ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ (ಗ್ರೊಮೆಟ್) ಇಲ್ಲ. ಬಣ್ಣ ಹೊಡೆಯುವಾಗ ತೆಗೆದವರು ಮರಳಿ ಹಾಕಿಲ್ಲ. ಹಸಿರು–ನೇರಳೆ ತಂತಿಯ ಹೊದಿಕೆ ಅಕ್ಕಿಕಾಳಿನಷ್ಟು ಉದ್ದಕ್ಕೆ ಸವೆದು ತಾಮ್ರ ಇಣುಕುತ್ತಿತ್ತು; ಪಕ್ಕದಲ್ಲಿಯೇ ಇದ್ದ ಕೆಂಪು ತಂತಿಯೂ ಅರ್ಧ ಸವೆದಿತ್ತು. ಮೂಟೆ ಒತ್ತಿದಾಗಲೆಲ್ಲ ತಾಮ್ರ ತಗಡಿಗೆ ತಾಗುತ್ತಿತ್ತು. ಕೆಂಪು ತಂತಿಗೆ ಫ್ಯೂಸ್ ಇಲ್ಲವೆಂದು ಇದೇ ಚರ್ಚೆಯಿಂದ ತಿಳಿದಿದ್ದ ನನಗೆ ಅದನ್ನು ನೋಡಿದಾಗ ಎದೆ ಝಲ್ಲೆಂದಿತು. ಎರಡಕ್ಕೂ ತೋಳು ಹಾಕಿ, ಹೊಸ ಗ್ರೊಮೆಟ್ ಕೂರಿಸಿದೆ.

ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗ ದೀಪ ಸ್ವಲ್ಪ ಕುಗ್ಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸರಿಯಾಗುತ್ತದೆ. ಇದೂ ದೋಷವೇ? ಮತ್ತು ರಿಲೇ ಹಾಕಲು ನಿರ್ಧರಿಸಿದ್ದೇನೆ. ರಿಲೇಯ 30, 85, 86, 87 ಎಂಬ ತುದಿಗಳಲ್ಲಿ 85ರ ಅರ್ಥನ್ನು ಹೆಡ್‌ಲೈಟಿನ ಪಕ್ಕದ ಸ್ಕ್ರೂವಿಗೇ ಕೊಡಲೇ?

ತಂತಿಯ_ಜಾಡು (ದಾವಣಗೆರೆ)

ಐಡ್ಲಿಂಗಿನಲ್ಲಿ ಕುಗ್ಗುವುದು ಡೈನಮೋ ಇರುವ ಗಾಡಿಯ ಸಹಜ ಗುಣ. ಆ ವೇಗದಲ್ಲಿ ಡೈನಮೋ ಚಾರ್ಜ್ ಕೊಡುವುದಿಲ್ಲ, ದೀಪಗಳು ಬ್ಯಾಟರಿಯ ಮೇಲೆಯೇ ನಡೆಯುತ್ತವೆ. ಅದಕ್ಕೆ ಏನೂ ಮಾಡಬೇಡಿ.

30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿದ ದಪ್ಪ ತಂತಿ, 87ರಿಂದ ಬಲ್ಬುಗಳಿಗೆ, 86ಕ್ಕೆ ಡಿಮ್ಮರಿನಿಂದ ಬರುವ ಹಳೆಯ ನೀಲಿ–ಬಿಳಿ ತಂತಿ. ಡಿಪ್ ರಿಲೇಗೆ ನೀಲಿ–ಕೆಂಪು. ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಿ. 85ನ್ನು ಆ ಸ್ಕ್ರೂವಿಗೆ ಕೊಡಬೇಡಿ ಮೇಡಂ, ಅಲ್ಲಿ ಮತ್ತೆ ತುಕ್ಕು ಬಂದರೆ ಎರಡೂ ದೀಪ ಒಟ್ಟಿಗೆ ಆರುತ್ತವೆ. ಎರಡು ರಿಲೇಗಳ 85ನ್ನೂ ಎರಡು ಹೆಡ್‌ಲೈಟುಗಳ ಕಪ್ಪು ತಂತಿಯನ್ನೂ ಒಟ್ಟುಗೂಡಿಸಿ, ಒಂದು ದಪ್ಪ ಕಪ್ಪು ತಂತಿಯಲ್ಲಿ ನೇರವಾಗಿ ಬ್ಯಾಟರಿಯ ನೆಗೆಟಿವ್ ಕ್ಲಾಂಪಿಗೆ ತನ್ನಿ. ಜೋಡಿಸಿದ ಮೇಲೆ ಅದೇ ಅಳತೆಗಳನ್ನು ಇನ್ನೊಮ್ಮೆ ತೆಗೆದು ಇಲ್ಲಿ ಬರೆಯಿರಿ.